ಕಡಿದ ಶಿವದಾರ

ಶ್ರಾವಣದ ಸೋಮವಾರ. ಕಾಲುವೆಗೆ ನೀರು ಬಂದು ಸಿಂಧನೂರು ಸುತ್ತಲಿನ ಗದ್ದೆಗಳಲ್ಲಿ ನಾಟಿ ಭರದಿಂದ ನಡೆದಿತ್ತು. ಸಸಿಯ ಕಟ್ಟು ಹೇರಿದ ಟ್ರ್ಯಾಕ್ಟರುಗಳು ಠಾಣೆಯ ಮುಂದೆ ಕೆಸರು ಚೆಲ್ಲುತ್ತ ಹೋಗುತ್ತಿದ್ದವು. ಪಿಎಸ್‌ಐ ಅಂಬಿಕಾ ಅಂಥ ಎರಡು ಟ್ರ್ಯಾಕ್ಟರಿನವರ ಜಗಳ ಬಿಡಿಸುತ್ತಿದ್ದಾಗ, ಮಧ್ಯಾಹ್ನ ಒಂದೂವರೆಗೆ ಆಸ್ಪತ್ರೆಯಿಂದ ಮೆಮೊ ಬಂತು: ಬಸ್ ನಿಲ್ದಾಣದಲ್ಲಿ ಬಿದ್ದ ವೃದ್ಧೆ, ಪ್ರಜ್ಞೆ ಇಲ್ಲ, ಗುರುತು ತಿಳಿದಿಲ್ಲ.

ತಲೆಯೊಳಗೆ ರಕ್ತ ಸೋರುತ್ತಿದೆ ಎಂದರು ಡಾಕ್ಟರು. ಎದೆಯ ಮೇಲೆ ಹಳೆಯ ಆಪರೇಷನ್ನಿನ ಗೆರೆ ಇತ್ತು. ಹೃದಯದ ಕವಾಟ ಹಾಕಿಸಿಕೊಂಡವಳಾದರೆ ರಕ್ತ ತೆಳುವಾಗಿಸುವ ಗುಳಿಗೆ ನುಂಗುತ್ತಿರಬೇಕು. ಯಾವ ಗುಳಿಗೆ ಎಂದು ತಿಳಿಯದೆ ಔಷಧ ಕೊಟ್ಟರೆ ತಲೆ ಉಳಿದು ಹೃದಯ ಹೋದೀತು. ಬೇಗ ತಿಳಿಯಬೇಕಿತ್ತು. ಆಕೆಯ ಕೈಚೀಲದಲ್ಲಿ ರೊಟ್ಟಿ, ಒಂದು ಸೀರೆ ಬಿಟ್ಟರೆ ಬೇರೇನೂ ಇರಲಿಲ್ಲ.

ಕೊರಳಲ್ಲಿ ಕಡಿದ ದಾರವೊಂದು ಜೋತಿತ್ತು. ಹೆಡ್ ಕಾನ್‌ಸ್ಟೇಬಲ್ ಸಿದ್ದಲಿಂಗೇಶನ ಮುಖ ಸಣ್ಣದಾಯಿತು. ಅದು ಶಿವದಾರ; ಇಷ್ಟಲಿಂಗವಿಡುವ ಬೆಳ್ಳಿ ಕರಡಿಗೆ ಅದರಲ್ಲಿ ಇರಬೇಕಿತ್ತು, ಇಲ್ಲ ಎಂದ. ಡಾಕ್ಟರ ದೂರಿನ ಮೇಲೆ ಕಳವಿನ ಎಫ್‌ಐಆರ್ ದಾಖಲಾಯಿತು.

ಆಕೆಯನ್ನು ತಂದ ಆಟೋದವನ ಹೆಸರು ದಾನಿಷ್.

“ಯಾರು ಹತ್ತಿಸಿದ್ರು?”

“ಒಬ್ರು ಯಜಮಾನ್ರು ಮೇಡಂ. ಹಣಿ ತುಂಬ ಇಬತ್ತಿ. ಅಜ್ಜಿ ತಲಿ ತೊಡಿ ಮ್ಯಾಲ ಇಟ್ಕೊಂಡು ಕುಂತಿದ್ರು. ನಾ ಮಗನ ಇರಬೇಕು ಅನ್ಕೊಂಡೆ.”

“ಎಲ್ಲಿ ಇಳಿದ್ರು?”

“ಆಸ್ಪತ್ರಿ ಗೇಟಿನ್ಯಾಗ. ಮಸ್ಕಿ ಬಸ್ಸಿಗೆ ಓಡಿದ್ರು.”

ಅಂಬಿಕಾ ಸಿದ್ದಲಿಂಗೇಶನ ಕಡೆ ತಿರುಗಿದಳು. “ಬೆಳ್ಳಿ ಬೇಕಾದವ ಒಳಗಿನ ಲಿಂಗ ಏನ್ ಮಾಡ್ತಾನ?”

“ಇಬತ್ತಿ ಹಚ್ಚೋನಾದ್ರ ಒಗಿಯಾಂಗಿಲ್ರೀ. ಇನ್ನೊಬ್ಬರ ಲಿಂಗ ಮನ್ಯಾಗ ಇಟ್ಕೊಳ್ಳಾಂಗೂ ಇಲ್ಲ. ಮಠಕ್ಕ ಒಪ್ಪಿಸ್ತಾನ.”

ಆಸ್ಪತ್ರೆಯಿಂದಲೇ ಮಸ್ಕಿ ಕಡೆಯ ಮಠಗಳಿಗೆಲ್ಲ ಫೋನ್ ಹೋಯಿತು. ಪಾಮನಕಲ್ಲೂರಿನ ಒಂದು ಸಣ್ಣ ಮಠದಲ್ಲಿ ಸುಳಿವು ಸಿಕ್ಕಿತು. ಊರಿನ ಕಿರಾಣಿ ಅಂಗಡಿಯ ದೊಡ್ಡಬಸಪ್ಪ, ಹಾದಿಯಲ್ಲಿ ಸಿಕ್ಕಿತೆಂದು ಅರಿವೆ ಸುತ್ತಿದ ಲಿಂಗವನ್ನು ಆಗಷ್ಟೇ ಕೊಟ್ಟುಹೋಗಿದ್ದ.

ಎದೆ ಕೊಯ್ಸಿಕೊಂಡ ಮುದುಕಿಯನ್ನು ಮನೆಯವರು ಹೆಸರು, ಗುಳಿಗೆ ಬರೆದ ಚೀಟಿಯಿಲ್ಲದೆ ಕಳಿಸಿರಲಾರರು ಎಂದು ಅಂಬಿಕಾಗೆ ಅನಿಸಿತ್ತು. ಚೀಲ ಎಲ್ಲಿಯಾದರೂ ಮರೆಯಬಹುದು, ಕೊರಳಿನದನ್ನು ಮರೆಯುವಂತಿಲ್ಲ. ಅರಿವೆ ಬಿಚ್ಚಿ ನೋಡಿ ಎಂದು ಸಿದ್ದಲಿಂಗೇಶನಿಂದ ಫೋನಿನಲ್ಲಿ ಕೇಳಿಸಿದರೆ ಮಠ ನೋಡಿಕೊಳ್ಳುವ ಅಜ್ಜ ಒಪ್ಪಲಿಲ್ಲ. ಇನ್ನೊಬ್ಬರ ಲಿಂಗ ಮುಟ್ಟಬಾರದು, ಸ್ವಾಮಿಗಳು ನಾಳೆ ಬರುತ್ತಾರೆ ಎಂದ. ಸಿದ್ದಲಿಂಗೇಶನೂ ಹೌದೆಂಬಂತೆ ತಲೆಯಾಡಿಸಿದ.

ಅಂಬಿಕಾ ಫೋನ್ ಇಸಿದುಕೊಂಡಳು. ಅಪ್ಪ ಅಂಬಪ್ಪನ ಕೈ ಹಿಡಿದು, ಲಿಂಗಸುಗೂರು ಕಡೆಯ ತಮ್ಮೂರಲ್ಲಿ, ತಮ್ಮವರನ್ನು ಒಳಗೆ ಬಿಡದ ಮಠದ ಬಾಗಿಲಾಚೆ ನಿಂತು ಬೆಳೆದ ಹುಡುಗಿ ಆಕೆ. ದನಿ ಅಲುಗಲಿಲ್ಲ.

“ಅಜ್ಜಾರ, ಆ ಲಿಂಗ ಕಟ್ಟಿಕೊಂಡಾಕಿ ಇನ್ನೂ ಉಸಿರಾಡಾಕತ್ತಾಳ. ಆಕಿ ಪರವಾಗಿ ನಾ ಕೇಳಾಕತ್ತೀನಿ. ಬಿಚ್ರಿ.”

ಆ ಕಡೆ ಫೋನ್ ಕೆಳಗಿಟ್ಟು ಕೈ ತೊಳೆದು ಬಂದ ಸದ್ದು ಕೇಳಿಸಿತು. ಆಮೇಲೆ ಅಜ್ಜ ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದ. ಅರಿವೆಯ ಮಡಿಕೆಯಲ್ಲಿ ಪ್ಲಾಸ್ಟಿಕ್ ಹೊದಿಸಿದ ಚೀಟಿ ಇತ್ತು. ಗುರುಲಿಂಗಮ್ಮ, ಜವಳಗೇರಾ. ಕವಾಟದ ಆಪರೇಷನ್, ಗುಳಿಗೆಯ ಹೆಸರು, ರಕ್ತದ ಗುಂಪು, ಲಿಂಗಸುಗೂರಿನಲ್ಲಿರುವ ಮೊಮ್ಮಗಳು ಶಿವಕುಮಾರಿಯ ನಂಬರು. ಗುಳಿಗೆಯ ಹೆಸರು ಕಿವಿಗೆ ಬಿದ್ದದ್ದೇ ಡಾಕ್ಟರು ಒಳಗೆ ಓಡಿದರು.

ಸಂಜೆಗೆ ರಕ್ತ ಸೋರುವುದು ನಿಂತಿತು. ಓಡಿಬಂದ ಶಿವಕುಮಾರಿ ಅಳುತ್ತಲೇ ನಕ್ಕಳು. ಅಜ್ಜಿ ಚೀಲ ಬಸ್ಸಿನಲ್ಲೇ ಬಿಟ್ಟುಬರುವವಳೆಂದು ಚೀಟಿಯನ್ನು ಕರಡಿಗೆಯೊಳಗೆ ಲಿಂಗ ಸುತ್ತಿದ ಅರಿವೆಯಲ್ಲೇ ಇಟ್ಟಿದ್ದಳಂತೆ. ಅದಕ್ಕೆ ಅಜ್ಜಿಯಿಂದ ಬೈಸಿಕೊಂಡಿದ್ದಳಂತೆ. ಸಿದ್ದಲಿಂಗೇಶ ವಾರ್ಡಿನ ಬಾಗಿಲಲ್ಲಿ ನಿಂತು ಅಂಬಿಕಾಗೆ ಸೆಲ್ಯೂಟ್ ಹೊಡೆದ. ದಿನಾ ಹೊಡೆಯುವಂಥದಲ್ಲ.

ಮರುದಿನ ಬೆಳಿಗ್ಗೆ, ಅಲ್ಲಿನ ಠಾಣೆಗೆ ತಿಳಿಸಿ, ಪಂಚರೊಂದಿಗೆ ಪಾಮನಕಲ್ಲೂರಿಗೆ ಹೋದರು. ದೊಡ್ಡಬಸಪ್ಪ ಇಲ್ಲ ಎನ್ನಲಿಲ್ಲ. ಒಳಗೆ ನೋಡಿದ. ಹಾಸಿಗೆ ಹಿಡಿದ ಅವನ ತಾಯಿ ಪಾರ್ವತೆಮ್ಮನ ಎದೆಯ ಮೇಲೆ ಹೊಸ ದಾರದಲ್ಲಿ ಬೆಳ್ಳಿ ಕರಡಿಗೆ ಹೊಳೆಯುತ್ತಿತ್ತು.

“ನನ್ನ ಮಗ ರಿಪೇರಿ ಮಾಡಿಸ್ಕೊಂಡು ಬಂದಾನ ನೋಡವಾ,” ಎಂದು ಮುದುಕಿ ಹೆಮ್ಮೆಯಿಂದ ತೋರಿಸಿದಳು.

ಹೊರಗೆ ಕರೆದು ಕೇಳಿದಾಗ ದೊಡ್ಡಬಸಪ್ಪ ಒಪ್ಪಿಕೊಂಡ. ಅಂಗಡಿ ದೊಡ್ಡದು ಮಾಡುವಾಗ ತಾಯಿಯ ಕರಡಿಗೆಯನ್ನು ಮಾರಿದ್ದ. ಅಕ್ಕಸಾಲಿಗನ ಹತ್ತಿರ ರಿಪೇರಿಗಿದೆ ಎಂದು ಹೇಳುತ್ತ ಬಂದಿದ್ದ. ಅದಿಲ್ಲದೆ ಮಣ್ಣಿಗೆ ಹೋಗಲಾರೆ ಎಂದು ಅವಳು ದಿನಾ ಕೇಳುತ್ತಿದ್ದಳು. ಬಿದ್ದ ಮುದುಕಿಯನ್ನು ಎತ್ತಲು ಅವನು ಓಡಿದ್ದು ನಿಜವೇ. ತೊಡೆಯ ಮೇಲೆ ತಲೆ ಇಟ್ಟುಕೊಂಡಾಗ ಥೇಟ್ ಅವ್ವನ ಕರಡಿಗೆಯಂಥದೇ ಕಣ್ಣಿಗೆ ಬಿತ್ತು.

“ಅವ್ವಗ ಹೇಳಬ್ಯಾಡ್ರಿ.”

“ನಾ ಹೇಳಾಂಗಿಲ್ಲ,” ಎಂದಳು ಅಂಬಿಕಾ. “ನೀವ ಹೇಳ್ರಿ.”

ಅವನು ಒಳಗೆ ಹೋಗಿ ಹೇಳಿದ. ಪಾರ್ವತೆಮ್ಮ ಎದೆಯ ಮೇಲಿನ ಕರಡಿಗೆಯನ್ನು ಮುಟ್ಟಿ ನೋಡಿ ಅಂಬಿಕಾಳ ಕಡೆ ತಿರುಗಿದಳು.

“ಆಕಿ ಬದಕ್ಯಾಳೇನವಾ?”

“ಬದಕ್ಯಾಳ್ರೀ. ಮೊಮ್ಮಗಳ ಕೂಡ ಮಾತಾಡ್ಯಾಳ.”

ಮುದುಕಿ ತಾನೇ ದಾರ ಬಿಚ್ಚಿ, ತನ್ನ ಲಿಂಗ ತೆಗೆದುಕೊಂಡು, ಬರಿದಾದ ಕರಡಿಗೆಯನ್ನು ಅಂಬಿಕಾಳ ಕೈಗಿಟ್ಟಳು. ಸಿದ್ದಲಿಂಗೇಶ ಪಂಚನಾಮೆಯಲ್ಲಿ ‘ಆರೋಪಿಯಿಂದ ಜಪ್ತಿ’ ಎಂದು ಬರೆಯಹೊರಟಿದ್ದ. ಪಾರ್ವತೆಮ್ಮನವರು ತಾವಾಗಿ ಹಾಜರುಪಡಿಸಿದ್ದು ಎಂದು ಬರೆ ಎಂದಳು ಅಂಬಿಕಾ. ಶಾಯಿಯ ಡಬ್ಬಿ ಚಾಚಿದರೆ ಮುದುಕಿ ಹೆಬ್ಬೆಟ್ಟು ಒಲ್ಲೆನೆಂದು ಪೆನ್ನು ಕೇಳಿ, ಪೂರಾ ಹೆಸರು ಬರೆದಳು.

ಪೊಲೀಸರ ಜೀಪು ಹತ್ತುವ ಮುಂಚೆ ದೊಡ್ಡಬಸಪ್ಪ ತಾಯಿಯ ಕೋಣೆಯ ಬಾಗಿಲಿಗೆ ಬಂದ. “ಬಿಡುಗಡಿ ಆಗಿ ಬಂದಮ್ಯಾಲ ಹೊಸಾ ಕರಡಿಗಿ ಮಾಡಿಸಿ ಕೊಡ್ತೀನವ್ವಾ.”

“ಬ್ಯಾಡ,” ಎಂದಳು ಪಾರ್ವತೆಮ್ಮ, ಲಿಂಗಕ್ಕೆ ಅರಿವೆ ಸುತ್ತುತ್ತ. “ನಂಗ ಇಷ್ಟು ಸಾಕು.”