ಹಳೇ ಪ್ಲೇಯರ್ ಹಾಡದೇ ಬಿಟ್ಟ ಮಾತು

"ನಿಮ್ಮ ಉಸಿರು ಕೇಳಿಸ್ತಿದೆ!"

ಹೆಡ್‌ಫೋನ್ ತೆಗೆದ ಜ್ಞಾನೇಶ್ ಹಾಗೆಂದಾಗ ಅಮೂಲ್ಯಳ ಮುಖ ಕೆಂಪಾಯಿತು. ಭದ್ರಾವತಿಯ ಅವನ ಪುಟ್ಟ ಸ್ಟುಡಿಯೋಗೆ ಅವಳು ವಚನ ಹಾಡಲು ಬಂದಿದ್ದು ಅದೇ ಮೊದಲು.

"ಉಸಿರಾಡದೆ ಹಾಡೋಕೆ ನಂಗೆ ಬರಲ್ಲ. ಬೇರೆ ಯಾರನ್ನಾದ್ರೂ ಹುಡುಕ್ಕೊಳ್ಳಿ!"

"ಅಯ್ಯೋ ಮಾರಾಯ್ರೇ... ತಪ್ಪು ಅನ್ನಲಿಲ್ಲ ನಾನು. ತೆಗೀಲಾ, ಇಡ್ಲಾ ಅಂತ ಕೇಳೋಣ ಅಂತಿದ್ದೆ."

"ಏನು ಬೇಕಾದ್ರೂ ಮಾಡಿ."

ಆದರೂ ಮುಂದಿನ ಭಾನುವಾರ ಅವಳು ಮತ್ತೆ ಹೋದಳು. ಅದರ ಮುಂದಿನ ಭಾನುವಾರವೂ. ರೆಕಾರ್ಡಿಂಗ್ ಮುಗಿದರೂ ಮಾತು ಮುಗಿಯುತ್ತಿರಲಿಲ್ಲ. ಶಿವಮೊಗ್ಗದ ಬಸ್ಸು ಹೊರಡುವ ತನಕ ಅವನು ಪಕ್ಕದಲ್ಲೇ ನಿಂತಿರುತ್ತಿದ್ದ.

ಕೊನೆಯ ದಿನ ಬಸ್ಸಿನ ಕಿಟಕಿಯಿಂದ ಪೆನ್‌ಡ್ರೈವ್ ಕೊಟ್ಟ.

"ಕೊನೇದು ಹಾಡಲ್ಲ... ನಿಮಗೆ ಮಾತ್ರ. ಕೇಳಿ, ಏನಾದ್ರೂ ಹೇಳಿ."

ಶಿವಮೊಗ್ಗದ ಗೋಪಾಳ ಬಡಾವಣೆಯ ಅವಳ ಮನೆಯಲ್ಲಿ ಹಾಡು ಕೇಳುವುದೆಂದರೆ ಅಪ್ಪ ಶಿವಶಂಕರಪ್ಪನವರ ಹಳೇ ನೆಟ್‌ವರ್ಕ್ ಪ್ಲೇಯರಿನಲ್ಲೇ. ಕೋಣೆಯ ಕಂಪ್ಯೂಟರಿನಲ್ಲಿರುವ ಹಾಡನ್ನು ವೈಫೈ ಮೂಲಕ ತರಿಸಿಕೊಂಡು ನಡುಮನೆಯಲ್ಲಿ ಹಾಡುವ ಪೆಟ್ಟಿಗೆ ಅದು. ಮೊಬೈಲಿನಲ್ಲಿ ಹಾಡು ಕೇಳುವುದು ಅಪ್ಪನ ಪ್ರಕಾರ ನಿಂತುಕೊಂಡು ಊಟ ಮಾಡಿದ ಹಾಗೆ! ಅಮೂಲ್ಯಳಿಗೂ ಅದೇ ಅಭ್ಯಾಸ.

ಪೆನ್‌ಡ್ರೈವಿನಲ್ಲಿದ್ದದ್ದನ್ನೆಲ್ಲ ಕಂಪ್ಯೂಟರಿಗೆ ಹಾಕಿ ಅಪ್ಪ ವಾಕಿಂಗ್ ಹೋದರು. ಅವಳು ಕೂತು ಕೇಳಿದಳು. ವಚನಗಳೆಲ್ಲ ಬಂದವು. ಕೊನೆಗೆ ಪ್ಲೇಯರಿನ ಪುಟ್ಟ ಪರದೆಯಲ್ಲಿ ಅವಳದೇ ಹೆಸರು ಮೂಡಿತು. ಅವಳು ಮುಂದಕ್ಕೆ ಬಾಗಿದಳು...

ಹೆಸರು ಮಾಯವಾಯಿತು. ಮೊದಲ ಹಾಡು ಮತ್ತೆ ಶುರು!

ಇನ್ನೊಮ್ಮೆ ಹಾಕಿದಳು. ಮತ್ತೆ ಹಾಗೇ.

'ನನ್ನ ಹೆಸರು ಬರೆದು ಒಳಗೆ ಏನೂ ಇಡಲಿಲ್ಲವಾ? ಹೇಳಲು ಹೊರಟು ಹಿಂದೆ ಸರಿದರಾ?'

ಕೇಳಲು ನಾಚಿಕೆ. 'ಹಾಡುಗಳು ಚೆನ್ನಾಗಿವೆ, ಥ್ಯಾಂಕ್ಸ್' ಎಂದಷ್ಟೇ ಮೆಸೇಜ್ ಹಾಕಿದಳು.

ಅದನ್ನು ಓದಿದ ಜ್ಞಾನೇಶ್ ಫೋನನ್ನು ಮಗುಚಿಟ್ಟ. 'ಇಲ್ಲ ಅನ್ನೋದನ್ನ ಎಷ್ಟು ಮೆತ್ತಗೆ ಹೇಳಿಬಿಟ್ಟರು...'

ಸುಮ್ಮನಿರುವುದೇ ಮರ್ಯಾದೆ ಎಂದು ಇಬ್ಬರಿಗೂ ಅನಿಸಿತು. ಅಷ್ಟರಲ್ಲಿ ಅಮೂಲ್ಯಳನ್ನು ನೋಡಲು ದಾವಣಗೆರೆಯಿಂದ ಗಂಡಿನ ಕಡೆಯವರು ಬರುವುದು ಗೊತ್ತಾಯಿತು.

"ಬೇಡ ಅಂತೀಯೇನಮ್ಮಾ?" ಅಪ್ಪ ಕೇಳಿದರು.

"ಬೇಡ ಅನ್ನೋಕೆ ಕಾರಣ ಏನೂ ಇಲ್ಲ ಅಪ್ಪಾ." ಅವಳ ಕಣ್ಣು ಪ್ಲೇಯರಿನತ್ತ ಹೋಯಿತು.

ಅಪ್ಪ ಅವಳನ್ನೇ ನೋಡಿದರು. ಆ ಕೊನೆಯದನ್ನು ಅವಳು ಮತ್ತೆ ಮತ್ತೆ ಹಾಕಿ ನೋಡುತ್ತಿದ್ದುದು ಅವರ ಕಣ್ಣಿಗೆ ಬಿದ್ದಿತ್ತು. ಮರುದಿನ ಭದ್ರಾವತಿಗೆ ಫೋನ್ ಮಾಡಿದರು.

"ಏನಪ್ಪಾ ಜ್ಞಾನೇಶ್, ನೀನು ಕೊಟ್ಟ ಕೊನೇದು ಹೆಸರು ತೋರಿಸುತ್ತೆ, ಹಾಡಲ್ಲ. ಬಂದು ನೋಡು."

ಸಂಜೆಯೊಳಗೆ ಅವನು ಬಾಗಿಲಲ್ಲಿದ್ದ.

"ನೀವು... ಅದನ್ನ ಕೇಳೇ ಇಲ್ವಾ?" ಅಮೂಲ್ಯಳನ್ನು ಕೇಳಿದ.

"ಕೇಳೋಕೆ ಏನಿತ್ತು ಅದರಲ್ಲಿ?"

ಕಂಪ್ಯೂಟರ್ ನೋಡಿ ಅವನು ಹಣೆ ಚಚ್ಚಿಕೊಂಡ.

"ಹಾಡುಗಳನ್ನೆಲ್ಲ ಮಾಮೂಲಿ ಗುಣಮಟ್ಟಕ್ಕೆ ಇಳಿಸಿ ಕೊಟ್ಟಿದ್ದೆ. ಇದೊಂದನ್ನ ಇಳಿಸೋಕೆ ಮನಸ್ಸು ಬರಲಿಲ್ಲ, ರೆಕಾರ್ಡ್ ಮಾಡಿದ ಹಾಗೇ ನೂರಾ ತೊಂಬತ್ತೆರಡು ಕಿಲೋಹರ್ಟ್ಸ್‌ನ ಮೇಲ್ದರ್ಜೆಯಲ್ಲೇ ಇಟ್ಟೆ. ಈ ಹಳೇ ಪ್ಲೇಯರ್ ತೊಂಬತ್ತಾರರ ಮೇಲೆ ಹೋದ್ರೆ ಹಾಡಲ್ಲ, ದಾಟಿ ಮುಂದೆ ಹೋಗಿಬಿಡುತ್ತೆ."

"ನನ್ನ ಪೆಟ್ಟಿಗೆಗೆ ಬೈಬೇಡಪ್ಪಾ. ಅದಕ್ಕೆ ತಿಳಿಯೋ ಹಾಗೆ ಹೇಳು," ಎಂದು ಅಪ್ಪ ಕಾಫಿ ಇಡಲು ಎದ್ದರು.

"ನನ್ನ ಫೋನಲ್ಲಿ ಈಗಲೇ ಕೇಳಿಸ್ತೀನಿ..."

"ಬೇಡ. ಇದರಲ್ಲೇ ಕೇಳ್ತೀನಿ."

ಪ್ಲೇಯರಿಗೆ ಕಳಿಸುವಾಗಲೇ ಫೈಲಿನ ಗುಣಮಟ್ಟ ಇಳಿಸಿಕೊಡುವ ಹಾಗೆ ಅವನು ಕಂಪ್ಯೂಟರಿನಲ್ಲಿ ಸೆಟ್ಟಿಂಗ್ ಬದಲಿಸಿದ. ಪರದೆಯಲ್ಲಿ ಅವಳ ಹೆಸರು ಮೂಡಿತು. ಈ ಸಲ ನಿಂತಿತು.

ಮೊದಲು ಒಂದು ಉಸಿರು. ಅವಳದೇ! ಮೊದಲ ದಿನ ಹಾಡುವ ಮುಂಚೆ ಎಳೆದುಕೊಂಡದ್ದು. ಆಮೇಲೆ ತಡವರಿಸುವ ಅವನ ದನಿ.

"ಇದನ್ನ ತೆಗೆಯೋಕೆ ಕೈ ಬರಲಿಲ್ಲ. ದಿನಾ ನಮ್ಮನೇಲಿ ಕೇಳಿಸ್ತಿರಲಿ ಅನ್ನಿಸ್ತು... ಬರ್ತೀರಾ?"

ಅಮೂಲ್ಯ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

"ದಾವಣಗೆರೆಯವರಿಗೆ ಬರಬೇಡಿ ಅಂತ ಹೇಳ್ಲಾ?" ಅಡುಗೆಮನೆಯಿಂದ ಅಪ್ಪನ ದನಿ!

"ಹೇಳಿ ಅಪ್ಪಾ!"

ಜ್ಞಾನೇಶನತ್ತ ತಿರುಗಿದಳು. "ಇಳಿಸಿದ್ರಲ್ಲ, ಏನಾದ್ರೂ ಕಳೆದುಹೋಯ್ತಾ?"

"ನಂಗೇನೂ ಕಮ್ಮಿ ಅನ್ನಿಸಲಿಲ್ಲ. ನಿಮಗೆ?"

"ನಂಗೂ ಇಲ್ಲ. ಆದ್ರೆ ಇನ್ಮೇಲೆ ಹೇಳೋದೇನಿದ್ರೂ ಬಾಯಲ್ಲೇ ಹೇಳಿ."

"ಹೇಳ್ತೀನಿ... ಮಾರಾಯ್ತಿ."