ಕಾಲರಿನ ಕೆಳಗೆ

ವಾರ್ಡರ್ ಊಟದ ತಟ್ಟೆಯನ್ನು ಬಾಗಿಲಿನ ಕಂಡಿಯಿಂದ ಒಳಗೆ ತಳ್ಳಿದ. ಒಳಗಿನ ಕೈ ಅದನ್ನು ಎಳೆದುಕೊಳ್ಳಲಿಲ್ಲ.

"ಡ್ರೈವರ್, ಊಟ."

ವಾರ್ಡರ್ ಬಗ್ಗಿ ಕಂಡಿಯಲ್ಲಿ ಕಣ್ಣಿಟ್ಟ. ಎದುರಿನ ಗೋಡೆಯ ಕಿಟಕಿಯ ಕೆಳಗೆ ಎರಡು ಬರಿಗಾಲು ಕಂಡವು. ಹೆಬ್ಬೆರಳುಗಳು ನೆಲಕ್ಕೆ ತಾಗಿಯೂ ತಾಗದಂತಿದ್ದವು.

ಬೀಗ ತೆಗೆದು ಒಳನುಗ್ಗಿದ. ಡ್ರೈವರ್ ಕಿಟಕಿಯ ಸರಳಿಗೆ ನೇತಾಡುತ್ತಿದ್ದ. ಕುತ್ತಿಗೆಗೆ ಬಿಗಿದಿದ್ದದ್ದು ಹಗ್ಗವಲ್ಲ, ಹರಿದ ಕಂಬಳಿಯೂ ಅಲ್ಲ. ಒಂದು ಕಡುನೀಲಿ ಟೈ. ಆ ಜೈಲಿನ ಸಿಬ್ಬಂದಿ ದಿನವೂ ಕಟ್ಟಿಕೊಳ್ಳುವ ಬಣ್ಣದ್ದು.

ವಾರ್ಡರ್ ಹೆಣವನ್ನು ಎತ್ತಿ ಹಿಡಿದು ಕೂಗಿಕೊಂಡ. ಊಟದ ಗದ್ದಲದಲ್ಲಿ ಅವನ ಕೂಗು ಯಾರಿಗೂ ಬೇಗ ಕೇಳಿಸಲಿಲ್ಲ.

* * *

ಇನ್‌ಸ್ಪೆಕ್ಟರಮ್ಮ ಬರುವ ಹೊತ್ತಿಗೆ ಜೈಲಿನವರು ಕಥೆಯನ್ನು ಕಟ್ಟಿ ಮುಗಿಸಿದ್ದರು.

"ಆತ್ಮಹತ್ಯೆ," ಎಂದರು ಸೂಪರಿಂಟೆಂಡೆಂಟ್. ತೆಳ್ಳಗಿನ ಮನುಷ್ಯ. ಅಂಗಿಯ ಇಸ್ತ್ರಿ ಗೆರೆಯಲ್ಲಿ ಬೆರಳು ಕುಯ್ದುಕೊಳ್ಳಬಹುದು, ಅಷ್ಟು ಚೊಕ್ಕಟ. "ಅಪಘಾತದ ಕೇಸಿನಲ್ಲಿ ಒಳಗೆ ಬಂದಿದ್ದ ಬಸ್ ಡ್ರೈವರ್. ನಿನ್ನೆ ಎದುರು ಮಾತಾಡಿದ ಅಂತ ಒಂಟಿ ಸೆಲ್ಲಿಗೆ ಹಾಕಿದ್ವಿ. ಮನಸ್ಸಿಗೆ ಹಚ್ಕೊಂಡಿರಬೇಕು."

"ಹಾಕಿದ್ದು ಯಾರು?"

"ಜೈಲರ್ ಶಿಫಾರಸು ಮಾಡಿದ್ರು. ಸಹಿ ನಂದು."

"ಟೈ ಎಲ್ಲಿಂದ ಬಂತು?"

ಸೂಪರಿಂಟೆಂಡೆಂಟ್ ತಮ್ಮ ಟೈ ಹಿಡಿದು ಕೆಳಗೆಳೆದರು. ಟಕ್ಕೆಂದು ಕೈಗೆ ಬಂತು. ಮೇಲೆ ಹೊಲಿದಿಟ್ಟ ಗಂಟು, ಅದರ ಹಿಂದೆ ಒಂದು ತಗಡಿನ ಕ್ಲಿಪ್.

"ನಮ್ಮದೆಲ್ಲ ಈ ಥರ. ಕೈದಿ ಹಿಡಿದು ಎಳೆದ್ರೆ ಕಳಚಿ ಬರಬೇಕು. ಇಲ್ಲಾಂದ್ರೆ ನಮ್ಮ ಕೊರಳಿಗೇ ಉರುಲು. ಉಂಗುರ ಇಲ್ಲ, ಸರ ಇಲ್ಲ, ಉದ್ದ ಕೂದಲಿಲ್ಲ, ಗಡ್ಡ ಇಲ್ಲ. ನನ್ನ ಜೈಲಿನಲ್ಲಿ ಗಂಟು ಹಾಕೋ ಟೈ ಒಂದೂ ಇಲ್ಲ ಮೇಡಂ. ಅದು ಹೊಲಿಗೆ ಶೆಡ್ಡಿನಲ್ಲಿ ನಮ್ಮ ಬಟ್ಟೆ ಕದ್ದು ಹೊಲಿದದ್ದು. ಶೆಡ್ಡಿನಿಂದ ಯಾರೋ ಕೊಟ್ಟಿದ್ದಾರೆ, ಇವನು ಬಚ್ಚಿಟ್ಕೊಂಡಿದ್ದಾನೆ."

ಇನ್‌ಸ್ಪೆಕ್ಟರಮ್ಮ ಟೈಯನ್ನು ಬೆಳಕಿಗೆ ಹಿಡಿದಳು. ಬಟ್ಟೆ ಸಮವಸ್ತ್ರದ್ದೇ. ಆದರೆ ಒಳಗೆ ನಯವಾದ ಅಸ್ತರು ಕೊಟ್ಟಿತ್ತು. ಅಂಚಿನ ಹೊಲಿಗೆ ಕಾಣದಂತೆ ಕೈಯಲ್ಲಿ ಹಾಕಿತ್ತು. ಕತ್ತಿನ ಭಾಗ ಸವೆದು ಹೊಳೆಯುತ್ತಿತ್ತು. ಸಾಯಲಿಕ್ಕೆಂದು ಹೊಲಿಸಿಕೊಂಡ ಟೈ ಸವೆಯುವುದು ಯಾವಾಗ?

ಜೈಲಿನ ವೈದ್ಯ ಹೆಣದ ಪಕ್ಕದಿಂದ ಎದ್ದ. ಹೆಚ್ಚು ಮಾತಿನ ಮನುಷ್ಯನಲ್ಲ.

"ನೇಣು ಹಾಕ್ಕೊಂಡ್ರೆ ಗುರುತು ಕಿವಿ ಹಿಂದಕ್ಕೆ ಏರುತ್ತೆ. ಇದು ನೋಡಿ, ಕುತ್ತಿಗೆ ಸುತ್ತ ಸಮ. ಇದರ ಮೇಲೆ ಇನ್ನೊಂದು ಗುರುತು ಏರಿದೆ, ಅದು ತೆಳು. ಸತ್ತ ಮೇಲಾದದ್ದು."

"ಅಂದ್ರೆ ಮೊದಲು ಬಿಗಿದು, ಆಮೇಲೆ ನೇತುಹಾಕಿದ್ದು."

"ಹೌದು. ಸತ್ತು ಬಹಳ ಹೊತ್ತಾಗಿಲ್ಲ. ಬೆಳಿಗ್ಗೆ ಸಿಬ್ಬಂದಿಯ ಪರೇಡಿನ ಹೊತ್ತಿಗೆ ಆಗಿರಬೇಕು."

ಸೂಪರಿಂಟೆಂಡೆಂಟರ ಮುಖ ಸುಣ್ಣ ಬಳಿದಂತಾಯಿತು.

* * *

ವಾರಕ್ಕೊಮ್ಮೆ ಪರೇಡು. ಒಂದು ಬ್ಲಾಕಿನ ನಂತರ ಇನ್ನೊಂದು ಬ್ಲಾಕಿನ ಸಿಬ್ಬಂದಿ ಅಂಗಳದಲ್ಲಿ ಸಾಲಾಗಿ ನಿಲ್ಲಬೇಕು. ಬೂಟಿನ ಹೊಳಪಿನಿಂದ ಉಗುರಿನ ಉದ್ದದವರೆಗೆ ಸೂಪರಿಂಟೆಂಡೆಂಟ್ ಸಾಹೇಬರು ಖುದ್ದಾಗಿ ನೋಡುತ್ತಾರೆ. ಆ ಹೊತ್ತಿನಲ್ಲಿ ಆ ಬ್ಲಾಕಿನ ಬೀಗದ ಕೈಗಳು ಜೈಲರ್ ಕೋಣೆಯ ಹಲಗೆಯಲ್ಲಿ ತೂಗುತ್ತಿರುತ್ತವೆ. ಒಂಟಿ ಸೆಲ್ಲುಗಳ ಓಣಿಯಲ್ಲಿ ಯಾರೂ ಇರುವುದಿಲ್ಲ.

ಆ ಬೆಳಿಗ್ಗೆ ಸಾಲಿನಿಂದ ಹೊರಬಿದ್ದವನು ಒಬ್ಬನೇ. ಹೆಣ ಕಂಡ ಅದೇ ವಾರ್ಡರ್. ಅವನ ಕೆನ್ನೆಯ ಮೇಲೆ ರಕ್ತ ಹೆಪ್ಪುಗಟ್ಟಿದ ಹೊಸ ಗಾಯವಿತ್ತು.

"ಏನಪ್ಪ ಇದು?"

"ಬ್ಲೇಡು ಮೇಡಂ. ಅಮ್ಮ ಆಸ್ಪತ್ರೆಯಲ್ಲಿದ್ದಾರೆ. ಅಲ್ಲಿಂದ ನೇರ ಡ್ಯೂಟಿಗೆ ಬಂದೆ, ಶೇವ್ ಮಾಡಿರಲಿಲ್ಲ. ಸಾಹೇಬ್ರು ಸಾಲಿಂದ ಕಳಿಸಿದ್ರು. ಬಚ್ಚಲಲ್ಲಿ ನೀರಿಲ್ಲದೆ ಕೆರ್ಕೊಂಡೆ."

"ಒಬ್ಬನೇ ಇದ್ದೆಯಾ?"

ವಾರ್ಡರ್ ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಜೈಲರ್ ಒಳಗೆ ಬಂದ.

"ಒಬ್ಬನೇ ಎಲ್ಲಿ? ನಾನೇ ಜೊತೆಗಿದ್ದೆ ಮೇಡಂ. ಇವನು ಶೇವ್ ಮುಗಿಸೋ ತನಕ ಬಚ್ಚಲ ಬಾಗಿಲಲ್ಲೇ ನಿಂತಿದ್ದೆ. ಪಾಪದವನು, ಇವನ ಮೇಲೆ ಅನುಮಾನ ಬೇಡ."

ಸೊಗಸುಗಾರ ಮನುಷ್ಯ. ಬೈತಲೆ ದಾರ ಹಿಡಿದು ತೆಗೆದಂತೆ, ಮೀಸೆ ಕತ್ತರಿಸಿ ಅಂಟಿಸಿದಂತೆ. ಸಿಬ್ಬಂದಿ ಬೆನ್ನ ಹಿಂದೆ ಅವನನ್ನು ಮದುಮಗ ಎಂದು ಕರೆಯುತ್ತಿದ್ದರು.

"ಹೌದೇನಪ್ಪ?"

ವಾರ್ಡರ್ ನೆಲ ನೋಡಿದ. "ಹೌದು ಮೇಡಂ."

ಗಾಯ ನೇರವಾಗಿತ್ತು, ಕೂದಲೆಳೆಯಷ್ಟು ತೆಳು. ಉಗುರಿನಿಂದ ಆದದ್ದಲ್ಲ. ವೈದ್ಯನೂ ಅದನ್ನೇ ಹೇಳಿದ. ವಾರ್ಡರ್ ಮೇಲಿನ ಅನುಮಾನ ಅಲ್ಲಿಗೆ ಇಳಿಯಬೇಕಿತ್ತು. ಆದರೆ ತನ್ನನ್ನು ಉಳಿಸಿದ ಮೇಲಧಿಕಾರಿಯ ಕಡೆ ಅವನು ಒಮ್ಮೆಯೂ ಕಣ್ಣೆತ್ತಲಿಲ್ಲ. ಇನ್‌ಸ್ಪೆಕ್ಟರಮ್ಮನಿಗೆ ಅದು ಹಿಡಿಸಲಿಲ್ಲ.

ಹೊಲಿಗೆ ಶೆಡ್ಡಿಗೂ ಹೋಗಿಬಂದಳು. ಎಲ್ಲವೂ ಯಂತ್ರದ ಹೊಲಿಗೆ. ಆ ಅಸ್ತರಿನ ಬಟ್ಟೆಯ ಚೂರೂ ಅಲ್ಲಿರಲಿಲ್ಲ.

* * *

ಡ್ರೈವರನ ಹೆಂಡತಿಯನ್ನು ಜೈಲಿನ ಹೊರಗೋಡೆಗೆ ಅಂಟಿಕೊಂಡ ಭೇಟಿ ಕೋಣೆಯಲ್ಲಿ ಕೂರಿಸಿದ್ದರು. ಅಳು ಮುಗಿದಿತ್ತು. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು, ಮತ್ತೆ ಸುತ್ತುವುದು.

"ನಿನ್ನೆ ಬೆಳಿಗ್ಗೆ ಇಲ್ಲೇ ಕೂತು ಮಾತಾಡಿದ್ರು ಮೇಡಂ. ಸಾಯೋರ ಮಾತು ಆ ಥರ ಇರುತ್ತಾ? ಮಗಳಿಗೆ ಚಪ್ಪಲಿ ಸಣ್ಣದಾಗಿದೆ ಅಂದೆ. ಪಾದದ ಅಳತೆ ಗೆರೆ ಎಳ್ಕೊಂಡು ಬಾ, ಇಲ್ಲಿ ಚರ್ಮದ ಕೆಲಸದವರಿದ್ದಾರೆ, ಮಾಡಿಸ್ತೀನಿ ಅಂದ್ರು."

"ಬೇರೇನಾದ್ರೂ ಹೇಳಿದ್ರಾ? ಭಯ, ಜಗಳ?"

ಅವಳು ಬಾಗಿಲ ಕಡೆ ನೋಡಿದಳು. ಇನ್‌ಸ್ಪೆಕ್ಟರಮ್ಮ ಎದ್ದು ಬಾಗಿಲು ಮುಚ್ಚಿದಳು.

"ಹೋದ ತಿಂಗಳು ಒಂಟಿ ಸೆಲ್ಲಿನಲ್ಲಿ ಒಬ್ಬ ಮುದುಕ ಸತ್ತಿದ್ದನಂತೆ. ಜಾರಿಬಿದ್ದ ಅಂತ ಬರೆದಿದ್ದಾರಂತೆ. ಇವರು ಆಗ ಆ ಓಣಿ ಒರೆಸ್ತಿದ್ರು. ಮುದುಕ ಕೂಗಿದ್ದು, ಹೊಡೆದ ಸದ್ದು ಎಲ್ಲ ಕೇಳಿಸ್ತಂತೆ. ಮ್ಯಾಜಿಸ್ಟ್ರೇಟ್ ಜೈಲು ನೋಡೋಕೆ ಬರ್ತಾರೆ, ಅವರ ಮುಂದೆ ಹೇಳ್ತೀನಿ ಅಂದ್ರು. ಬೇಡ ರೀ, ನಮಗ್ಯಾಕೆ ಅಂದೆ. ಆ ಮುದುಕನಿಗೆ ಹೇಳೋರು ಯಾರೂ ಇಲ್ಲ ಕಣೇ ಅಂದ್ರು."

"ಹೊಡೆದದ್ದು ಯಾರು ಅಂತ ಹೇಳಿದ್ರಾ?"

"ಇಲ್ಲ. ನಿನಗೆ ಗೊತ್ತಿರೋದು ಬೇಡ ಅಂದ್ರು."

"ಆಗ ಇಲ್ಲಿ ಕಾವಲಿಗೆ ಯಾರಿದ್ರು?"

"ಒಬ್ಬರು ಸಾಹೇಬ್ರು. ಮುಖ ಸರಿಯಾಗಿ ನೋಡಲಿಲ್ಲ, ಹೆದರಿಕೆ. ಗೋಡೆಗೆ ಒರಗಿದ್ರು. ಇವರು ಮುದುಕನ ವಿಷಯ ಎತ್ತಿದಾಗ ಟೈ ಗಂಟು ಮೇಲಕ್ಕೆ ಸರಿಸ್ಕೊಂಡು ನೆಟ್ಟಗೆ ನಿಂತ್ರು."

"ಗಂಟು ಸರಿಸಿದ್ರಾ? ನೀನು ನೋಡಿದೆಯಾ?"

ಅವಳು ತನ್ನ ಕೊರಳ ಬಳಿ ಎರಡು ಬೆರಳಿಟ್ಟು, ಇಲ್ಲದ ಗಂಟನ್ನು ಕೆಳಗಿನಿಂದ ಮೇಲಕ್ಕೆ ತಳ್ಳಿ ತೋರಿಸಿದಳು. "ಹಿಂಗೆ."

ಇನ್‌ಸ್ಪೆಕ್ಟರಮ್ಮ ತನ್ನ ಕೊರಳ ಬಳಿ ಅದೇ ಸನ್ನೆ ಮಾಡಿ ನೋಡಿದಳು.

"ಎಲ್ಲರೂ ಅವರಾಗೇ ಪ್ರಾಣ ತೆಗ್ದುಕೊಂಡ್ರು ಅಂತಿದ್ದಾರೆ ಮೇಡಂ," ಎಂದಳು ಅವಳು. "ಹಾಗಂತ ಮಗಳ ಕಿವಿಗೂ ಬಿದ್ದಿದೆ. ನಾವು ಬೇಡವಾದ್ವಾ ಅಂತ ಕೇಳಿದಳು."

* * *

ಮರುದಿನ ಬೆಳಿಗ್ಗೆ ಇನ್‌ಸ್ಪೆಕ್ಟರಮ್ಮ ಸೂಪರಿಂಟೆಂಡೆಂಟರನ್ನು ಒಂದೇ ಒಂದನ್ನು ಕೇಳಿದಳು: ನಿನ್ನೆಯ ಪರೇಡು ನಿನ್ನೆಯಂತೆಯೇ ಮತ್ತೊಮ್ಮೆ ಆಗಬೇಕು.

ಸಿಬ್ಬಂದಿ ಸಾಲಾಗಿ ನಿಂತರು. ಸೂಪರಿಂಟೆಂಡೆಂಟ್ ಮುಂದೆ, ಜೈಲರ್ ಅವರ ಹಿಂದೆ. ಇನ್‌ಸ್ಪೆಕ್ಟರಮ್ಮ ಮೊದಲನೆಯವನ ಮುಂದೆ ನಿಂತು ಟೈ ಹಿಡಿದೆಳೆದಳು. ಟಕ್ಕೆಂದು ಬಂತು. ಅಂಗಿಯ ಕೊರಳ ಪಟ್ಟಿಯಲ್ಲಿ ಕ್ಲಿಪ್ ಕೂರುವ ಜಾಗ ಕಂದುಬಣ್ಣಕ್ಕೆ ತಿರುಗಿತ್ತು. ತುಕ್ಕಿನ ಗುರುತು. ಎರಡನೆಯವನದೂ ಹಾಗೆಯೇ. ಮೂರನೆಯವನದೂ. ಎಲ್ಲರ ಟೈ ತೊಳೆದು ತೊಳೆದು ಬೂದಿಯ ಛಾಯೆಗೆ ತಿರುಗಿತ್ತು.

ಸಾಲು ಮುಗಿಯಿತು. ಅವಳು ಹಿಂತಿರುಗಿ ಜೈಲರ್ ಮುಂದೆ ನಿಂತಳು.

"ನಿಮ್ಮದೂ ಒಂದು ಸಲ."

"ನಾನು ಅಧಿಕಾರಿ, ಮೇಡಂ."

"ನಿಯಮ ಸಾಹೇಬ್ರಿಗೂ ಒಂದೇ ಅಂತೆ. ಕೇಳಿ ನೋಡಿ."

ಸೂಪರಿಂಟೆಂಡೆಂಟ್ ತಲೆಯಾಡಿಸಿದರು. ಅವಳು ಎಳೆದಳು. ಜೈಲರ್‌ನ ಟೈಯೂ ಟಕ್ಕೆಂದು ಬಂತು. ಅವನ ತುಟಿಯಂಚಿನಲ್ಲಿ ನಗು ಮೂಡಿತು.

"ಕ್ಲಿಪ್ಪೇ ಇದೆ," ಎಂದಳು ಅವಳು. "ಬಣ್ಣ ಗಾಢ. ಪೊಟ್ಟಣದ ಮಡಿಕೆ ಇನ್ನೂ ಹೋಗಿಲ್ಲ. ಅಂಗಿ ಹಳೇದು, ಆದ್ರೆ ತುಕ್ಕಿನ ಗುರುತಿಲ್ಲ."

"ಹೊಸ ಟೈ ಹಾಕೋದು ಅಪರಾಧವಾ?"

"ಅಲ್ಲ. ಕಾಲರ್ ಎತ್ತಿ."

ಅವನು ಕದಲಲಿಲ್ಲ. ನಗು ಮಾಯವಾಗಿತ್ತು.

"ಎತ್ತಿ ಜೈಲರ್," ಎಂದರು ಸೂಪರಿಂಟೆಂಡೆಂಟ್. ಅವರ ದನಿ ಒಡೆದಿತ್ತು.

ಎತ್ತಲಿಲ್ಲ. ಸೂಪರಿಂಟೆಂಡೆಂಟರೇ ಹಿಂದೆ ಬಂದು ಎತ್ತಿದರು. ಕಾಲರಿನ ಒಳಗೆ ಸುತ್ತಲೂ ಪಟ್ಟಿಯಂತೆ ಬಟ್ಟೆ ಸವೆದು ಹೊಳೆಯುತ್ತಿತ್ತು. ಅದರ ಕೆಳಗೆ ಚರ್ಮದಲ್ಲಿ, ಕತ್ತಿನ ಹಿಂಭಾಗಕ್ಕೆ ಅಡ್ಡವಾಗಿ, ಕೆಂಪು ನೇರಳೆಗೆ ತಿರುಗಿದ ಒಂದು ಗೆರೆ. ಎರಡೂ ಬದಿಗೆ ಅದು ಮುಂದಕ್ಕೆ ಇಳಿದು ಮಾಯವಾಗಿತ್ತು.



"ಪ್ರಾಣ ಉಳಿಸ್ಕೊಳ್ಳೋಕೆ ಮುಂದಿನಿಂದ ಟೈ ಎಳೆದಾಗ ಹಿಂದೆ ಬೀಳೋ ಗುರುತು ಇದು," ಎಂದಳು ಇನ್‌ಸ್ಪೆಕ್ಟರಮ್ಮ. "ಕ್ಲಿಪ್ ಟೈ ಆಗಿದ್ರೆ ಡ್ರೈವರ್ ಕೈಗೆ ಕಳಚಿ ಬರ್ತಿತ್ತು. ನಿಮ್ಮದು ಕಳಚಲಿಲ್ಲ. ನಿಮಗೆ ಹೊಲಿದಿಟ್ಟ ಗಂಟು ಕಟ್ಟಿಕೊಳ್ಳೋದು ಅವಮಾನ. ಸಮವಸ್ತ್ರದ ಬಟ್ಟೆಯನ್ನೇ ಹೊರಗೆ ಕೊಟ್ಟು, ಅಸ್ತರು ಹಾಕಿಸಿ ಹೊಲಿಸ್ಕೊಂಡ್ರಿ. ಸಾಹೇಬ್ರು ಪರೇಡಿನಲ್ಲಿ ಎದುರಿನ ಸಾಲು ನೋಡ್ತಾರೆ, ಬೆನ್ನ ಹಿಂದೆ ಇರೋ ನಿಮ್ಮನ್ನ ನೋಡಲ್ಲ."

"ಇದು ಕಟ್ಟುಕಥೆ. ನಾನು ಆಗ ಬಚ್ಚಲ ಬಾಗಿಲಲ್ಲಿದ್ದೆ. ಇವನೇ ಹೇಳಿದ್ದಾನೆ."

"ಮೊದಲು ಮಿಕ್ಕದ್ದು ಕೇಳಿ. ಡ್ರೈವರ್ ಹೆಂಡತಿ ಹತ್ರ ಮುದುಕನ ವಿಷಯ ಹೇಳುವಾಗ ಕಾವಲಿಗಿದ್ದ ಸಾಹೇಬ್ರು ಟೈ ಗಂಟು ಮೇಲಕ್ಕೆ ಸರಿಸಿದ್ರು. ಇಲ್ಲಿ ಯಾರ ಗಂಟೂ ಮೇಲೆ ಕೆಳಗೆ ಜರುಗಲ್ಲ, ಹೊಲಿದದ್ದು. ಜರುಗೋ ಗಂಟು ಒಂದೇ ಇತ್ತು, ಅದು ಡ್ರೈವರ್ ಕುತ್ತಿಗೇಲಿ ಸಿಕ್ತು. ಅದೇ ದಿನ ಅವನನ್ನ ಒಂಟಿ ಸೆಲ್ಲಿಗೆ ಹಾಕಿಸಿದ್ರಿ. ನೀವು ಮುದುಕನನ್ನ ಹೊಡೆದದ್ದು ಹೊರಗೆ ಬರಬಾರದು ಅಂತ ಪರೇಡಿನ ಹೊತ್ತಲ್ಲಿ ಬಾಯಿ ಮುಚ್ಚಿಸೋಕೆ ಹೋದ್ರಿ. ಅವನು ಒಪ್ಪಲಿಲ್ಲ. ನೀವು ಕೈ ಎತ್ತಿದಾಗ ಟೈ ಹಿಡಿದ. ಬಿಡಿಸ್ಕೊಂಡು ಅದನ್ನೇ ಅವನ ಕೊರಳಿಗೆ ಹಾಕಿದ್ರಿ. ಸೆಲ್ಲಿನಲ್ಲಿ ನೇತುಹಾಕೋಕೆ ಬೇರೆ ಏನೂ ಇರಲಿಲ್ಲ. ಹೊಲಿಗೆ ಶೆಡ್ಡಿನ ಮೇಲೆ ಹೋಗುತ್ತೆ ಅಂದ್ಕೊಂಡು ಬಿಟ್ಟು ಬಂದ್ರಿ. ಪೊಟ್ಟಣದಲ್ಲಿ ಮುಟ್ಟದೆ ಇಟ್ಟಿದ್ದ ಸರ್ಕಾರಿ ಟೈ ಸಿಕ್ಕಿಸ್ಕೊಂಡ್ರಿ."

ಅವಳು ವಾರ್ಡರ್ ಕಡೆ ತಿರುಗಿದಳು. ದನಿ ಇಳಿಸಿದಳು.

"ಈಗ ಹೇಳಪ್ಪ. ಬಚ್ಚಲ ಬಾಗಿಲಲ್ಲಿ ಯಾರಿದ್ರು?"

ವಾರ್ಡರ್ ಮೊದಲ ಸಲ ಜೈಲರ್ ಕಡೆ ಕಣ್ಣೆತ್ತಿದ. "ಯಾರೂ ಇರಲಿಲ್ಲ ಮೇಡಂ. ಜೈಲರ್ ಸಾಹೇಬ್ರು ನನ್ನ ಅಲ್ಲಿ ಬಿಟ್ಟು, ಮುಖ ಹೊಳೆಯೋ ತನಕ ಹೊರಗೆ ಬರಬೇಡ ಅಂತ ಹೇಳಿ ಹೋದ್ರು. ಆಮೇಲೆ ಹೆಣ ಸಿಕ್ಕಾಗ, ನಾನು ನಿನ್ನ ಜೊತೆಗಿದ್ದೆ ಅಂತ ಹೇಳ್ತೀನಿ, ಇಲ್ಲಾಂದ್ರೆ ನೀನೇ ಸಿಕ್ಕಿಹಾಕ್ಕೊಳ್ತೀಯ ಅಂದ್ರು. ಅಮ್ಮ ಆಸ್ಪತ್ರೇಲಿದ್ದಾರೆ. ನಾನು ಒಳಗೆ ಹೋದ್ರೆ ನೋಡೋರಿಲ್ಲ."

ಜೈಲರ್ ಒಂದು ಹೆಜ್ಜೆ ಹಿಂದಿಟ್ಟ. ಹಿಂದೆ ಸಾಲು ನಿಂತಿತ್ತು. ಯಾರೂ ಜಾಗ ಬಿಡಲಿಲ್ಲ. ಅವನ ಬೆಲ್ಟು, ಬೂಟಿನ ಲೇಸು, ಬೀಗದ ಕೈ ಎಲ್ಲವನ್ನೂ ಅಂಗಳದಲ್ಲೇ ಬಿಚ್ಚಿಸಿಕೊಂಡರು. ಒಳಗೆ ಹಾಕುವವರಿಗೆ ಅದೂ ನಿಯಮ.

* * *

ಹೆಣವನ್ನು ಮನೆಗೆ ಒಪ್ಪಿಸುವಾಗ ಇನ್‌ಸ್ಪೆಕ್ಟರಮ್ಮ ಹೆಂಡತಿಗೆ ಇದ್ದದ್ದು ಇದ್ದಂತೆ ಹೇಳಿದಳು. ಡ್ರೈವರ್ ಕೊನೆಯವರೆಗೂ ಎಳೆದಾಡಿದ, ಸುಮ್ಮನೆ ಬಿಟ್ಟುಕೊಡಲಿಲ್ಲ, ಅವನು ಬಿಟ್ಟ ಗುರುತೇ ಕೊಲೆಗಾರನನ್ನು ಹಿಡಿದುಕೊಟ್ಟಿತು ಎಂದಳು. ಅವಳು ಬಹಳ ಹೊತ್ತು ಗಂಡನ ಕೈಬೆರಳುಗಳನ್ನು ನೋಡುತ್ತ ನಿಂತಳು. ಉಗುರುಗಳು ಮುರಿದಿದ್ದವು.

ಆ ವಾರವೇ ಮ್ಯಾಜಿಸ್ಟ್ರೇಟ್ ಬಂದರು. ಸೂಪರಿಂಟೆಂಡೆಂಟ್ ಬಾಗಿಲವರೆಗೂ ಹೋಗಿ ಕರೆತಂದರು. ಅವರ ಅಂಗಿ ಮುದುಡಿತ್ತು. ಮುದುಕನ ಸಾವಿನ ವಿಷಯ ಬಂದಾಗ ಮ್ಯಾಜಿಸ್ಟ್ರೇಟ್ ಕಾಗದದಿಂದ ತಲೆಯೆತ್ತಿದರು.

"ಇದನ್ನ ಕಂಡವರು, ಕೇಳಿದವರು ಇನ್ಯಾರಾದ್ರೂ ಇದ್ದಾರಾ?"

ಬಾಗಿಲ ಬಳಿ ನಿಂತಿದ್ದ ವಾರ್ಡರ್ ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡ. ಮುಂದೆ ಬಂದ.

"ನಾನೂ ಅವತ್ತು ಆ ಓಣಿಯಲ್ಲೇ ಇದ್ದೆ, ಸ್ವಾಮಿ," ಎಂದ. "ಡ್ರೈವರ್ ಹೇಳಬೇಕು ಅಂದ್ಕೊಂಡಿದ್ದನ್ನ ನಾನು ಹೇಳ್ತೀನಿ. ಬರ್ಕೊಳ್ಳಿ."