ಕಂಚಿನ ಗಿಣಿಯ ಕೆಳಗಿದ್ದವನು

ಬಹಳ ಹಿಂದಿನ ಮಾತು. ಮಧುವನವೆಂಬ ರಾಜ್ಯದ ಕೋಟೆಬಾಗಿಲಲ್ಲಿ ಒಂದು ಕಂಚಿನ ಗಿಣಿ ಇತ್ತು. ಯಾರ ಹೆಸರು ಹೇಳಿದರೂ ಅವರಿರುವ ಜಾಗ ತಿಳಿಸುತ್ತಿತ್ತು. ಮನೆ ಇದ್ದವರ ಹೆಸರು ಕೇಳಿದರೆ ಥಟ್ಟನೆ ಉತ್ತರ. ಊರೂರು ಅಲೆಯುವ ಬಳೆಗಾರರು, ಕುರಿಗಾಹಿಗಳ ಹೆಸರು ಕೇಳಿದರೆ ಮಾತ್ರ ತಲೆ ತಗ್ಗಿಸಿ, ತುಸು ತಡೆದು ಹೇಳುತ್ತಿತ್ತು.

"ಇದು ಯಾರನ್ನು ಕೇಳಿ ಹೇಳುತ್ತದೆ?" ಎಂದು ಅಲ್ಲಿ ಹೂ ಮಾರುವ ದುಗ್ಗಳೆಗೆ ಕುತೂಹಲ.

ಒಮ್ಮೆ ಅವಳ ತಾಯಿ ಜ್ವರ ಬಂದು ಮಲಗಿದಳು. ಅಣ್ಣ ಕೇತ, ಊರೂರು ಸುತ್ತುವ ವೈದ್ಯ ಸಿದ್ಧಪ್ಪಯ್ಯ ಎಲ್ಲಿದ್ದಾರೆಂದು ಗಿಣಿಯನ್ನು ಕೇಳಿದ. "ಕರಿಗುಡ್ಡ" ಎಂದಿತು ಗಿಣಿ. ಹೋದವನು ಮರಳಲಿಲ್ಲ. ಅಂದಿನಿಂದ ಯಾವ ಅಲೆಮಾರಿಯ ಹೆಸರು ಕೇಳಿದರೂ ಅದೇ ಉತ್ತರ. ಹೋದವರಾರೂ ಮರಳಲಿಲ್ಲ.

ಗಿಣಿ ಕೆಳಗೆ ತಲೆ ತಗ್ಗಿಸುತ್ತಿದ್ದುದು ನೆನಪಾಗಿ ದುಗ್ಗಳೆ ಅದರ ಪೀಠದ ಚಪ್ಪಡಿ ಸರಿಸಿದಳು. ಒಳಗೊಂದು ಪುಟ್ಟ ಕೋಣೆ. ಚಾಪೆಯ ಮೇಲೊಂದು ಕಪ್ಪೆ "ಕರಿಗುಡ್ಡ, ಕರಿಗುಡ್ಡ" ಎಂದು ವಟಗುಟ್ಟುತ್ತಿತ್ತು.

"ಇಲ್ಲಿ ಯಾರಿದ್ದರು?"

"ಒಬ್ಬ ಕುಳ್ಳ ಯಕ್ಷ. ನೆಲಕ್ಕೆ ಕಿವಿಯಿಟ್ಟು, ಅಲೆಯುವವರ ಹೆಜ್ಜೆ ಆಲಿಸಿ ಗಿಣಿಗೆ ಹೇಳುತ್ತಿದ್ದ. ನನ್ನೊಡೆಯ ಕರಾಳದಂತ ಅವನನ್ನು ಕಟ್ಟಿ ಒಯ್ದ!" ಎಂದು ಕಪ್ಪೆ ಜಂಬ ಕೊಚ್ಚಿತು.

ದುಗ್ಗಳೆ ಅದರ ಮೇಲೆ ಹೂಬುಟ್ಟಿ ಕವುಚಿ ಕರಿಗುಡ್ಡದ ದಾರಿ ಹಿಡಿದಳು.

ಗುಡ್ಡದ ಮೊದಲ ಬಾಗಿಲಲ್ಲಿ ಹುಲಿ. ಎಗರುವ ಮುನ್ನ ಅದು ಎಡಗಿವಿ ಉಜ್ಜಿಕೊಂಡಿತು. ಸಿಟ್ಟು ಬಂದರೆ ಅಣ್ಣನೂ ಹಾಗೇ ಮಾಡುತ್ತಿದ್ದ. "ಕೇತಣ್ಣಾ!" ಎಂದಳು. ಹುಲಿಯ ತೊಗಲು ಕಳಚಿತು, ಅಣ್ಣ ನಿಂತಿದ್ದ.

ಎರಡನೆಯ ಬಾಗಿಲಲ್ಲಿ ಹೆಬ್ಬಾವು. ಅದರ ಉಸಿರಿನಲ್ಲಿ ಶುಂಠಿ, ಹಿಪ್ಪಲಿಯ ಘಾಟು. "ಸಿದ್ಧಪ್ಪಯ್ಯನವರೇ, ಅವ್ವನಿಗೆ ಜ್ವರ!" ಎಂದಳು. ಪೊರೆ ಹರಿಯಿತು, ವೈದ್ಯರು ಎದ್ದರು.

ಮೂರನೆಯ ಬಾಗಿಲಲ್ಲಿ ಸರಪಳಿ ಬಿಗಿದ ಯಕ್ಷ. ಪಕ್ಕದಲ್ಲಿ ಮಾಂತ್ರಿಕ ಕರಾಳದಂತ.

"ಇವನನ್ನೂ ಹೆಸರು ಹಿಡಿದು ಕರೆ, ಬಿಡುತ್ತೇನೆ. ತಪ್ಪಿದರೆ ಕಲ್ಲಾಗುತ್ತೀಯೆ. ಇವನ ಹೆಸರು ಲೋಕದಲ್ಲಿ ಯಾರಿಗೂ ಗೊತ್ತಿಲ್ಲ!" ಎಂದು ಮಾಂತ್ರಿಕ ನಕ್ಕ.

ದುಗ್ಗಳೆ ಊಹಿಸಲು ಹೋಗಲಿಲ್ಲ. ಯಕ್ಷನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಅಣ್ಣಯ್ಯ, ನಿನ್ನ ಹೆಸರೇನು?"

ಯಕ್ಷನ ಕಣ್ಣು ತುಂಬಿತು. "ಎಷ್ಟೋ ಜನರ ಸುಳಿವು ಹೇಳಿದೆ ತಾಯಿ. ನನ್ನ ಹೆಸರು ಕೇಳಿದವಳು ನೀನೊಬ್ಬಳೇ. ಗುಣುಗ ಅಂತ."

"ಬಾ ಗುಣುಗಣ್ಣಾ, ಹೋಗೋಣ!"

ಸರಪಳಿ ಚೂರುಚೂರಾಯಿತು. ಮಾಂತ್ರಿಕನ ಜೀವ ಅದರಲ್ಲೇ ಇತ್ತು. ಅವನು ಕರ್ಪೂರದಂತೆ ಉರಿದುಹೋದ. ಗುಡ್ಡದ ಮೃಗಗಳೆಲ್ಲ ಮನುಷ್ಯರಾಗಿ ಊರಿಗೆ ಮರಳಿದರು. ವೈದ್ಯರ ಮದ್ದಿಗೆ ತಾಯಿಯ ಜ್ವರ ಬಿಟ್ಟಿತು. ಗುಣುಗ ಗಿಣಿಯ ಕೆಳಗಿನ ತನ್ನ ಕೋಣೆಗೆ ಮರಳಿದ.

ಮಧುವನದ ಜನ ಸುಖವಾಗಿ ಬಾಳಿದರು. ಕೋಟೆಬಾಗಿಲು ದಾಟುವವರೆಲ್ಲ ಬಗ್ಗಿ, "ಗುಣುಗಣ್ಣಾ, ಊಟ ಆಯ್ತಾ?" ಎನ್ನುತ್ತಿದ್ದರು.

"ಆಯ್ತಪ್ಪಾ, ನಿಮ್ಮದು?" ಎನ್ನುತ್ತಿತ್ತು ನೆಲದೊಳಗಿನ ದನಿ.